ಓದಬಲ್ಲವರ ಕೈಗೆ ಕೊಟ್ಟ ಕಲ್ಲು: ಗುಲಾಂ ಯಜ್ದಾನಿ ಮತ್ತು ರಾಯಚೂರು ಸೀಮೆ

ನಿಜಾಮ ಸರ್ಕಾರ ಪುರಾತತ್ವ ಇಲಾಖೆ ತೆರೆದದ್ದು 1914ರಲ್ಲಿ. ಮರುವರ್ಷವೇ ಆ ಇಲಾಖೆಯ ಗ್ರಂಥಮಾಲೆಯ ಒಂದನೆಯ ಸಂಖ್ಯೆ ಅಚ್ಚಾಗಿ ಬಂತು. ಅಜಂತೆ, ಎಲ್ಲೋರ, ದೌಲತಾಬಾದ್, ಬೀದರ, ಕಲಬುರಗಿ, ವರಂಗಲ್ ಎಲ್ಲವೂ ಅದೇ ಸಂಸ್ಥಾನದೊಳಗಿದ್ದವು. ಆದರೂ ಮೊದಲ ಪುಸ್ತಕದ ಮಾನ ಸಿಕ್ಕಿದ್ದು ನಮ್ಮ ಜಿಲ್ಲೆಯ ಮಸ್ಕಿಗೆ. ಜಿಲ್ಲೆಯ ಇತಿಹಾಸ ಬರೆಯುವವರು ಮಸ್ಕಿಯ ಶಾಸನವನ್ನು ಮರೆಯುವುದಿಲ್ಲ. ಆದರೆ ಆ ಇಲಾಖೆಯನ್ನು ಬುಡದಿಂದ ಕಟ್ಟಿ, ಸುಮಾರು ಮೂರು ದಶಕ ಅದರ ನಿರ್ದೇಶಕರಾಗಿದ್ದು, ಹೈದರಾಬಾದ್ ಮ್ಯೂಸಿಯಂ ತಲೆಯೆತ್ತುವಂತೆ ಮಾಡಿದ ಗುಲಾಂ ಯಜ್ದಾನಿ ಅವರ ಹೆಸರು ದೇವದುರ್ಗ, ಮಾನ್ವಿ ಕಡೆಯ ಹೊಸ ತಲೆಮಾರಿನ ಕಿವಿಗೆ ಬಿದ್ದದ್ದು ಕಡಿಮೆ. ಈ ಸ್ಮರಣ ಸಂಚಿಕೆಯಲ್ಲಿ ಅವರಿಗೆ ನಾಲ್ಕು ಪುಟ ಮೀಸಲಾಗಬೇಕು ಎನ್ನಿಸಿದ್ದು ಅದಕ್ಕಾಗಿ.

ಯಜ್ದಾನಿ ಹುಟ್ಟಿದ್ದು ದೆಹಲಿಯಲ್ಲಿ, 1885ರಲ್ಲಿ. ಓದಿದ್ದು ಅಲ್ಲಿನ ಸೇಂಟ್ ಸ್ಟೀಫನ್ಸ್ ಕಾಲೇಜಿನಲ್ಲಿ. ಅರಬ್ಬಿ, ಪಾರಸಿ ಭಾಷೆಗಳಲ್ಲಿ ಪಂಡಿತರು. ಕೆಲವು ವರ್ಷ ಆ ಭಾಷೆಗಳನ್ನೇ ಕಾಲೇಜುಗಳಲ್ಲಿ ಪಾಠ ಹೇಳಿದವರು. ಭಾರತದ ಪುರಾತತ್ವ ಇಲಾಖೆಯ ಮಹಾನಿರ್ದೇಶಕರಾಗಿದ್ದ ಜಾನ್ ಮಾರ್ಷಲ್ ಅವರ ಸಲಹೆಯಂತೆ ಹೈದರಾಬಾದು ತನ್ನದೇ ಇಲಾಖೆ ಮಾಡಿಕೊಂಡಾಗ ಅದರ ಹೊಣೆ ಈ ಮೂವತ್ತರ ಆಸುಪಾಸಿನ ಅಧ್ಯಾಪಕರ ಹೆಗಲಿಗೆ ಬಂತು. ಬೆನ್ನಿಗೆ ನಿಂತವರು ಸರ್ಕಾರದಲ್ಲಿ ದೊಡ್ಡ ಹುದ್ದೆಯಲ್ಲಿದ್ದ ಅಕ್ಬರ್ ಹೈದರಿ. ಸಂಸ್ಥಾನದ ವಿಸ್ತೀರ್ಣ 82 ಸಾವಿರ ಚದರ ಮೈಲಿಗೂ ಹೆಚ್ಚು. ತೆಲುಗು, ಮರಾಠಿ, ಕನ್ನಡ ಮೂರೂ ಸೀಮೆಗಳು ಅದರಲ್ಲಿದ್ದವು. ಸರ್ಕಾರದ ದಫ್ತರುಗಳ ಉರ್ದು ಮಾತಿನಲ್ಲಿ ಪುರಾತತ್ವಕ್ಕೆ ‘ಆಸಾರೆ ಖದೀಮಾ’ ಎಂಬ ಹೆಸರು. ಹಳೆಯ ಕುರುಹುಗಳು ಎಂದರ್ಥ.

ಆ ಇಲಾಖೆ ಕಣ್ಣು ಬಿಡುವಷ್ಟರಲ್ಲೇ ಮಸ್ಕಿಯ ಸುದ್ದಿ ಬಂತು.

1915ರ ಜನವರಿ 27ರಂದು ಬೀಡನ್ ಎಂಬ ಗಣಿ ಇಂಜಿನಿಯರರು ಚಿನ್ನದ ಜಾಡು ಹಿಡಿದು ಮಸ್ಕಿಯ ಗುಡ್ಡ ಹತ್ತಿದ್ದರು. ಹಟ್ಟಿ ಸುತ್ತಮುತ್ತಲ ನೆಲ ಚಿನ್ನದ ನೆಲ. ಪುರಾತನರು 600 ಅಡಿಗೂ ಆಳಕ್ಕೆ ಇಳಿದು ಅದಿರು ತೆಗೆದ ಗಣಿಗಳು ಅಲ್ಲಿವೆ. ಬೀಡನ್ ಅವರಿಗೆ ಸಿಕ್ಕಿದ್ದು ಬಂಡೆಯ ಮೇಲೆ ಕೊರೆದ ಬ್ರಾಹ್ಮಿ ಅಕ್ಷರಗಳು. ಅದುವರೆಗೆ ದೇಶದಲ್ಲಿ ಸಿಕ್ಕಿದ್ದ ಇಂಥ ಶಾಸನಗಳಲ್ಲೆಲ್ಲ ರಾಜನ ಹೆಸರು ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂದಷ್ಟೇ ಇತ್ತು. ಜೇಮ್ಸ್ ಪ್ರಿನ್ಸೆಪ್ 1837ರಲ್ಲಿ ಬ್ರಾಹ್ಮಿ ಲಿಪಿಯನ್ನು ಓದಿದ ಮೇಲೆ ಸಿಂಹಳದ ಬೌದ್ಧ ಚರಿತ್ರೆಗಳ ಆಧಾರದಿಂದ ಆ ರಾಜ ಮೌರ್ಯರ ಅಶೋಕನೇ ಎಂದು ವಿದ್ವಾಂಸರು ತೀರ್ಮಾನಿಸಿದ್ದರು. ತೀರ್ಮಾನ ಸರಿಯಾಗಿಯೇ ಇತ್ತು. ಆದರೆ ಕಲ್ಲು ತನ್ನ ಬಾಯಿಂದ ಆ ಹೆಸರು ಹೇಳಿರಲಿಲ್ಲ. ಮಸ್ಕಿಯ ಬಂಡೆ ಹೇಳಿತು: ದೇವಾನಾಂಪ್ರಿಯ ಅಶೋಕ. ಮುಂದೆ ಮಧ್ಯಪ್ರದೇಶದ ಗುಜರ್ರಾದಲ್ಲಿ, ನಮ್ಮ ನೆರೆಯ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉದೇಗೋಳಗಳಲ್ಲಿ ಅದೇ ಹೆಸರು ಸಿಕ್ಕಿತು. ಮೊದಲ ಸಾಕ್ಷಿ ಮಾತ್ರ ಮಸ್ಕಿಯದು.

ಇಲ್ಲಿ ಯಜ್ದಾನಿ ನಡೆದುಕೊಂಡ ರೀತಿಯನ್ನು ಗಮನಿಸಬೇಕು. ಹೊಸ ಇಲಾಖೆ, ಹೊಸ ನಿರ್ದೇಶಕ, ಕೈಗೆ ಬಂದದ್ದು ದೇಶವೇ ತಿರುಗಿ ನೋಡುವ ಶಾಸನ. ತಮ್ಮ ಹೆಸರಿನಲ್ಲೇ ಒಂದು ಪುಸ್ತಕ ಹೊರಡಿಸುವ ಆಸೆ ಯಾರಿಗೂ ಸಹಜ. ಅವರು ಹಾಗೆ ಮಾಡಲಿಲ್ಲ. ಶಾಸನವನ್ನು ಓದಿ ಸಂಪಾದಿಸಿದವರು ಮದ್ರಾಸಿನ ಶಾಸನ ಇಲಾಖೆಯಲ್ಲಿದ್ದ ಕನ್ನಡಿಗ ಹೊಸಕೋಟೆ ಕೃಷ್ಣಶಾಸ್ತ್ರಿಗಳು. ಪುಸ್ತಕ ಅವರ ಹೆಸರಿನಲ್ಲೇ ಬಂತು, ಅದೂ ಅದೇ ವರ್ಷ. ಸಿಕ್ಕ ಶಾಸನ ಹತ್ತಾರು ವರ್ಷ ಕಪಾಟಿನಲ್ಲಿ ಧೂಳು ತಿನ್ನುವುದನ್ನು ನೋಡಿ ಬಲ್ಲ ನಮಗೆ ಹನ್ನೊಂದು ತಿಂಗಳೊಳಗೆ ಓದು, ಚಿತ್ರ, ಅಚ್ಚು ಎಲ್ಲ ಮುಗಿದದ್ದು ದೊಡ್ಡದಾಗಿಯೇ ಕಾಣುತ್ತದೆ.

ಯಜ್ದಾನಿಯವರ ಇಡೀ ಸೇವಾವಧಿಯ ನಡೆ ಇದೇ. ಅರಬ್ಬಿ, ಪಾರಸಿ ಶಾಸನಗಳನ್ನು ಅವರು ತಾವೇ ಓದಿದರು. ಭಾರತ ಸರ್ಕಾರದ ಅರಬ್ಬಿ-ಪಾರಸಿ ಶಾಸನ ಪತ್ರಿಕೆ ‘ಎಪಿಗ್ರಾಫಿಯಾ ಇಂಡೋ-ಮೊಸ್ಲೆಮಿಕಾ’ ಬಹುಕಾಲ ಅವರ ಸಂಪಾದಕತ್ವದಲ್ಲೇ ಹೊರಬಂತು. ಕನ್ನಡ, ಸಂಸ್ಕೃತ, ಪ್ರಾಕೃತದ ಕಲ್ಲುಗಳನ್ನು ಮಾತ್ರ ಆಯಾ ಭಾಷೆ ಬಲ್ಲವರ ಕೈಗೆ ಕೊಟ್ಟರು. ಆಗ ರಾಯಚೂರು ಜಿಲ್ಲೆಯಲ್ಲೇ ಇದ್ದ ಕೊಪ್ಪಳದಲ್ಲಿ 1931ರಲ್ಲಿ ಅಶೋಕನ ಇನ್ನೆರಡು ಶಾಸನಗಳು ಸಿಕ್ಕವು, ಒಂದು ಗವಿಮಠದ ಗುಡ್ಡದಲ್ಲಿ, ಇನ್ನೊಂದು ಪಾಲ್ಕಿಗುಂಡಿನಲ್ಲಿ. ಪ್ರಾಕೃತ ಭಾಷೆಗಳಲ್ಲಿ ಪಳಗಿದ್ದ ಆರ್. ಎಲ್. ಟರ್ನರ್ ಅವರು ಅವನ್ನು ಸಂಪಾದಿಸಿದರು. 1932ರಲ್ಲಿ ಪುಸ್ತಕ ಬಂತು. ಅಲ್ಲಿಯೂ ಒಂದೇ ವರ್ಷ. ಮಸ್ಕಿಯಲ್ಲಿ ಸವೆದುಹೋದ ಮಾತುಗಳು ಗವಿಮಠದ ಬಂಡೆಯಲ್ಲಿ ಚೆನ್ನಾಗಿ ಉಳಿದಿದ್ದವು. ಕೊಪ್ಪಳದ ಕನ್ನಡ ಶಾಸನಗಳನ್ನು ಸಿ. ಆರ್. ಕೃಷ್ಣಮಾಚಾರ್ಲು ಅವರು 1935ರಲ್ಲಿ ಪ್ರಕಟಿಸಿದರು.

ಕೃಷ್ಣಮಾಚಾರ್ಲು ಅವರೇ 1928ರಲ್ಲಿ ಹೊರತಂದ ನಾಗಾವಿಯ ಶಾಸನಗಳ ಪುಸ್ತಕದ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ನಾಗಾವಿ ಇರುವುದು ಚಿತ್ತಾಪುರದ ಬಳಿ. ಅಲ್ಲಿನ 1058ರ ಶಾಸನದಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಒಂದು ಘಟಿಕಾಸ್ಥಾನದ ಲೆಕ್ಕವೇ ಸಿಗುತ್ತದೆ. ವೇದ ಕಲಿಯುವ 200 ವಿದ್ಯಾರ್ಥಿಗಳು, ಶಾಸ್ತ್ರ ಕಲಿಯುವ 50 ಮಂದಿ, ಪಾಠ ಹೇಳುವ ಉಪಾಧ್ಯಾಯರು, ಅವರೊಂದಿಗೆ ಆರು ಜನ ಸರಸ್ವತೀ ಭಂಡಾರಿಗರು. ಅಂದರೆ ಗ್ರಂಥಪಾಲಕರು. ಒಂದು ವಿದ್ಯಾಸಂಸ್ಥೆಗೆ ಆರು ಗ್ರಂಥಪಾಲಕರನ್ನು ಇಟ್ಟು, ಅವರ ಜೀವನಕ್ಕೆ ಭೂಮಿ ಬಿಟ್ಟ ನೆಲ ನಮ್ಮದು. ವಿದ್ಯೆಯಲ್ಲಿ ಹಿಂದುಳಿದ ಸೀಮೆ ಎಂದು ನಮ್ಮನ್ನು ನಾವೇ ಕರೆದುಕೊಳ್ಳುವಾಗ ಈ ಕಲ್ಲು ನೆನಪಾಗಬೇಕು. ಇದನ್ನು ಅಚ್ಚಿಗೆ ಕೊಟ್ಟದ್ದು ಕನ್ನಡ ತಾಯಿನುಡಿಯಲ್ಲದ ನಿರ್ದೇಶಕರ ದಫ್ತರು.

ಶಾಸನದ ಪ್ರತಿ ತೆಗೆದುಕೊಳ್ಳುವ ಕೆಲಸ ಹೇಗಿರುತ್ತದೆಂದು ಕಂಡವರಿಗೆ ಈ ಪುಸ್ತಕಗಳ ಹಿಂದಿನ ಬೆವರು ತಿಳಿಯುತ್ತದೆ. ಮೊದಲು ಕಲ್ಲಿನ ಮೇಲಿನ ಎಣ್ಣೆ, ಸುಣ್ಣ, ಪಾಚಿ ಎಲ್ಲವನ್ನೂ ಗಟ್ಟಿ ಕುಂಚದಿಂದ ತಿಕ್ಕಿ ತೊಳೆಯಬೇಕು. ನೀರಲ್ಲಿ ನೆನೆಸಿದ ಕಾಗದವನ್ನು ಸುಕ್ಕಿಲ್ಲದಂತೆ ಹಾಸಬೇಕು. ಕುಂಚದಿಂದ ಮೆಲ್ಲಗೆ ಬಡಿಯುತ್ತ ಹೋದಂತೆ ಕಾಗದ ಅಕ್ಷರದ ತಗ್ಗಿಗೆ ಇಳಿಯುತ್ತದೆ. ಅರೆ ಒಣಗಿದಾಗ ಮಸಿಯ ಉಂಡೆಯಿಂದ ಒತ್ತಿದರೆ ಉಬ್ಬಿನ ಭಾಗ ಕಪ್ಪಾಗಿ, ಅಕ್ಷರ ಬೆಳ್ಳಗೆ ಉಳಿಯುತ್ತದೆ. ಇದೇ ಪಡಿಯಚ್ಚು. ಬೇಸಿಗೆಯಲ್ಲಿ ನಮ್ಮ ಕಡೆಯ ಬಂಡೆ ಕಾದರೆ ಕಾಗದ ಅಂಟುವ ಮೊದಲೇ ಒಣಗಿ ಎದ್ದು ಬರುತ್ತದೆ. ಗಾಳಿ ಬಂದರೆ ಹರಿಯುತ್ತದೆ. ಬೆಳಗಿನ ತಂಪಿನಲ್ಲೇ ಮುಗಿಸಬೇಕು. ಮೋಟಾರು ರಸ್ತೆ ಕಡಿಮೆಯಿದ್ದ ಕಾಲದಲ್ಲಿ ಊರೂರು ಸುತ್ತಿ ಈ ಕೆಲಸ ಮಾಡಿದ ಇಲಾಖೆಯ ಕೆಳಹಂತದ ನೌಕರರಿಗೂ ಯಜ್ದಾನಿಯವರಿಗೆ ಸಲ್ಲುವ ಗೌರವದಲ್ಲಿ ಪಾಲಿದೆ.

ಹೊರಜಗತ್ತಿಗೆ ಯಜ್ದಾನಿ ಎಂದರೆ ಅಜಂತೆ. ನಾಲ್ಕು ಭಾಗಗಳ ಆ ಮಹಾಗ್ರಂಥ 1930ರಿಂದ 1955ರವರೆಗೆ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್‌ನಿಂದ ಬಂತು. ಗೋಡೆಯ ಚಿತ್ರಗಳ ಬಣ್ಣದ ಛಾಯಾಚಿತ್ರ ತೆಗೆಸಿ, ಒಂದೊಂದು ಗುಹೆಯ ಒಂದೊಂದು ದೃಶ್ಯಕ್ಕೂ ಕಥೆ, ವಿವರಣೆ ಬರೆದರು. ಇಟಲಿಯಿಂದ ಇಬ್ಬರು ಪರಿಣತರನ್ನು ಕರೆಸಿ 1920ರಿಂದ 1922ರವರೆಗೆ ಚಿತ್ರಗಳ ದುರಸ್ತಿ ಮಾಡಿಸಿದ್ದೂ ಅವರ ಕಾಲದಲ್ಲೇ. ಉದುರುತ್ತಿದ್ದ ಗಾರೆ ಆಗ ನಿಂತಿತು. ಆದರೆ ಚಿತ್ರಗಳ ಮೇಲೆ ಹಚ್ಚಿದ ಅರಗಿನ ಲೇಪ ಮುಂದೆ ಹಳದಿಗಟ್ಟಿ ಕಪ್ಪಾಗಿ, ಅದನ್ನು ತೆಗೆಯುವುದೇ ನಂತರದವರಿಗೆ ದೊಡ್ಡ ಕೆಲಸವಾಯಿತು. ಆ ಕಾಲಕ್ಕೆ ಗೊತ್ತಿದ್ದ ಒಳ್ಳೆಯ ವಿಧಾನವನ್ನೇ ಅವರು ಬಳಸಿದ್ದು ನಿಜ. ಫಲ ಪೂರ್ತಿ ಒಳ್ಳೆಯದಾಗಲಿಲ್ಲ ಎಂಬುದೂ ನಿಜ.

ಕನ್ನಡಿಗರ ದೃಷ್ಟಿಯಿಂದ ನೋಡಿದರೆ ಅಜಂತೆಗಿಂತ ಬೀದರಿನ ಕೆಲಸಕ್ಕೆ ಹೆಚ್ಚು ಬೆಲೆ ಎಂಬುದು ನನ್ನ ಅಭಿಪ್ರಾಯ. ಬೀದರ ಕೋಟೆಯೊಳಗೆ ಆಳೆತ್ತರ ಬಿದ್ದಿದ್ದ ಮಣ್ಣು ಕಲ್ಲಿನ ರಾಶಿಯನ್ನು ತೆಗೆಸಿದಾಗ ತಖ್ತ್ ಮಹಲ್ ಹೊರಬಂತು. ಅದರ ಹೆಂಚಿನ ಕೆಲಸದಲ್ಲಿ ಹುಲಿಯ ಬೆನ್ನ ಹಿಂದೆ ಉದಯಿಸುವ ಸೂರ್ಯನ ಲಾಂಛನ ಕಂಡಿತು. ಸೋಲಾ ಖಂಬ ಮಸೀದಿಯ ದುರಸ್ತಿಯಲ್ಲಿ ಸಿಕ್ಕ ಶಾಸನದಿಂದ ಅದು 1423-24ರಷ್ಟು ಹಳೆಯದೆಂದು ತಿಳಿಯಿತು. ರಂಗೀನ್ ಮಹಲಿನ ಮುತ್ತಿನ ಚಿಪ್ಪಿನ ಕುಸುರಿ, ಮಹಮೂದ್ ಗವಾನನ ಮದರಸ, ಅಷ್ಟೂರಿನ ಗುಮ್ಮಟಗಳ ಒಳಗಿನ ಚಿತ್ರಗಳು, ಇವೆಲ್ಲವನ್ನೂ ಅಳೆದು, ನಕ್ಷೆ ಬರೆಸಿ, 1947ರಲ್ಲಿ ಬೀದರದ ಮೇಲೆ ಬರೆದ ಪುಸ್ತಕವನ್ನು ಇಂದಿಗೂ ಯಾರೂ ಬದಿಗಿಡಲಾಗಿಲ್ಲ. ಬೀದರ ನೋಡಹೋಗುವವರು ಇಂದು ಕಾಣುವ ಬೀದರದಲ್ಲಿ ದೊಡ್ಡ ಪಾಲು ಯಜ್ದಾನಿ ಮಣ್ಣಿನಿಂದ ಎತ್ತಿಕೊಟ್ಟದ್ದು.

ಇನ್ನು ಮ್ಯೂಸಿಯಂ. ಹೈದರಾಬಾದಿನ ಬಾಗೆ ಆಮ್‌ನಲ್ಲಿ, ಅಂದರೆ ಈಗಿನ ಪಬ್ಲಿಕ್ ಗಾರ್ಡನ್ಸ್‌ನಲ್ಲಿ, 1930ರಲ್ಲಿ ಹೈದರಾಬಾದ್ ಮ್ಯೂಸಿಯಂ ಶುರುವಾಯಿತು. ಹೋಲಿಸಿ ನೋಡಿ: ದೆಹಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯ ಹುಟ್ಟಿದ್ದು 1949ರ ಆಗಸ್ಟ್ 15ರಂದು. ಅದಕ್ಕೆ ಪೂರ್ಣ ಪ್ರಮಾಣದ ಮೊದಲ ನಿರ್ದೇಶಕಿಯಾಗಿ ಅಮೆರಿಕೆಯ ಗ್ರೇಸ್ ಮಾರ್ಲಿ ಬಂದದ್ದು 1960ರಲ್ಲಿ. ಅದಕ್ಕೂ ಮೂರು ದಶಕ ಮೊದಲು ದಖ್ಖನ್ನಿನಲ್ಲಿ ಯಜ್ದಾನಿ ಈ ಕೆಲಸಕ್ಕೆ ಕೈಹಾಕಿದ್ದರು. ನಮ್ಮ ಕಡೆಯಿಂದ ಶಾಲಾ ಪ್ರವಾಸಕ್ಕೆ ಹೈದರಾಬಾದಿಗೆ ಹೋದ ಮಕ್ಕಳು ಆ ಮ್ಯೂಸಿಯಂನಲ್ಲಿ ನೋಡಿ ಬಂದು ಮನೆಯಲ್ಲಿ ಹೇಳುವುದು ಈಜಿಪ್ಟಿನ ಮಮ್ಮಿಯ ಸುದ್ದಿಯನ್ನು. ಹೇಳಲಿ, ಅದೂ ನೋಡತಕ್ಕದ್ದೇ. ಆದರೆ ಅದೇ ಸಂಗ್ರಹದಲ್ಲಿ ತಮ್ಮ ಜಿಲ್ಲೆಯ ನೆಲದಿಂದ ಹೋದ ವಸ್ತುಗಳಿವೆ ಎಂದು ಆ ಮಕ್ಕಳಿಗೆ ಹೇಳುವವರಿಲ್ಲ.

ಏನೇನು ಹೋದವು? ಮಸ್ಕಿಯಲ್ಲಿ ಯಜ್ದಾನಿಯವರ ಇಲಾಖೆ 1935ರಿಂದ 1937ರವರೆಗೆ ಅಗೆಯಿತು. ಮಣಿಗಳು, ಮಡಕೆಗಳು, ಶಂಖದ ತುಂಡುಗಳು ಸಿಕ್ಕವು. ಹದಿನೇಳು ವರ್ಷದ ನಂತರ, 1954ರಲ್ಲಿ, ಭಾರತ ಪುರಾತತ್ವ ಇಲಾಖೆಯ ಬಿ. ಕೆ. ಥಾಪರ್ ಅದೇ ಜಾಗದಲ್ಲಿ ಪದರ ಪದರವಾಗಿ ಅಗೆದು ನವಶಿಲಾಯುಗದಿಂದ ಮಧ್ಯಯುಗದವರೆಗೆ ನಾಲ್ಕು ಕಾಲಘಟ್ಟಗಳನ್ನು ಗುರುತಿಸಿದರು. ಯಜ್ದಾನಿ ಕಾಲದ ಉತ್ಖನನದಲ್ಲಿ ಪದರಗಳ ಲೆಕ್ಕ ಇಷ್ಟು ಕಟ್ಟುನಿಟ್ಟಾಗಿರಲಿಲ್ಲ. ಆ ವಿಧಾನ ಈ ದೇಶದಲ್ಲಿ ಬೇರೂರಿದ್ದು 1940ರ ದಶಕದಲ್ಲಿ ಮಾರ್ಟಿಮರ್ ವೀಲರ್ ಬಂದ ಮೇಲೆ. ನಮ್ಮ ಜಿಲ್ಲೆಯದೇ ಆದ ಕಲ್ಲೂರಿನಲ್ಲಿ ತಾಮ್ರದ ಕತ್ತಿಗಳು ಸಿಕ್ಕವು. ಹಿಡಿಯ ತುದಿಯಲ್ಲಿ ಕೀಟದ ಮೀಸೆಯಂತೆ ಎರಡು ಕವಲು ಹೊರಚಾಚಿದ ಕತ್ತಿಗಳು. ಇಂಥವು ಹೆಚ್ಚಾಗಿ ಸಿಗುವುದು ಗಂಗಾ ಬಯಲಿನಲ್ಲಿ. ಕೃಷ್ಣಾ ತುಂಗಭದ್ರೆಗಳ ನಡುವಿನ ಈ ದೋಆಬಿಗೆ ಅವು ಹೇಗೆ ಬಂದವು ಎಂಬ ಪ್ರಶ್ನೆ ವಿದ್ವಾಂಸರನ್ನು ಇಂದಿಗೂ ಕಾಡುತ್ತದೆ.

ಈ ವಸ್ತುಗಳು ಊರು ಬಿಟ್ಟು ಹೋದದ್ದಕ್ಕೆ ಯಜ್ದಾನಿಯವರನ್ನು ದೂರುವುದು ನ್ಯಾಯವಲ್ಲ. ಅವರಿಗೂ ಮೊದಲೇ, ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಲಿಂಗಸುಗೂರು ಸೀಮೆಯಲ್ಲಿ ತಿರುಗಿ ಕೂಡಿಸಿದ ಕಲ್ಲಿನ ಆಯುಧಗಳು, ಮಡಕೆ ಚೂರುಗಳು ಮದ್ರಾಸ್ ಮ್ಯೂಸಿಯಂ ಸೇರಿದ್ದವು. ಕಾವಲಿಲ್ಲದ ಗುಡ್ಡದ ಮೇಲೆ ಬಿಟ್ಟಿದ್ದರೆ ಆ ಮಣಿಗಳಲ್ಲಿ ಒಂದೂ ಉಳಿಯುತ್ತಿರಲಿಲ್ಲ. ಜೊತೆಗೆ, ಕಿತ್ತು ತರಬಾರದ್ದನ್ನು ಅವರ ಇಲಾಖೆ ತರಲಿಲ್ಲ. ಅಶೋಕನ ಬಂಡೆ ಮಸ್ಕಿಯಲ್ಲೇ ಇದೆ, ಗವಿಮಠದ್ದು ಕೊಪ್ಪಳದಲ್ಲೇ ಇದೆ. ರಾಯಚೂರು ಕೋಟೆಯ ಗೋಡೆಯಲ್ಲಿ 41 ಅಡಿಗೂ ಉದ್ದವಾದ ಒಂದೇ ಕಲ್ಲಿದೆ. ಕಾಕತೀಯರ ಕಾಲದಲ್ಲಿ ಗೋರೆ ಗನ್ನಯ ರೆಡ್ಡಿಯ ಪರವಾಗಿ ವಿಠಲನಾಥ 1294ರಲ್ಲಿ ಕೋಟೆ ಕಟ್ಟಿಸಿದ ಶಾಸನ ಅದರ ಮೇಲಿದೆ. ಅಷ್ಟು ದೊಡ್ಡ ಕಲ್ಲನ್ನು ಬಂಡಿಗೇರಿಸಿ ಎತ್ತುಗಳ ಸಾಲು ಕಟ್ಟಿ ಎಳೆದು ತಂದ ಚಿತ್ರವನ್ನೂ ಅಲ್ಲೇ ಕೆತ್ತಿದ್ದಾರೆ. ಇದೇ ಕೋಟೆಯ ಅರಬ್ಬಿ-ಪಾರಸಿ ಶಾಸನಗಳನ್ನು ಯಜ್ದಾನಿಯವರ ಸಹೋದ್ಯೋಗಿ ಖ್ವಾಜಾ ಮುಹಮ್ಮದ್ ಅಹ್ಮದ್ ಸಂಪಾದಿಸಿದರು.

ಯಜ್ದಾನಿ 1943ರಲ್ಲಿ ನಿವೃತ್ತರಾದರು. ಬರವಣಿಗೆ ನಿಲ್ಲಲಿಲ್ಲ. ಸಂಸ್ಥಾನ ಹೋಯಿತು, ಭಾಷಾವಾರು ಪ್ರಾಂತಗಳಾದವು, ಅವರು ಹೈದರಾಬಾದಿನಲ್ಲೇ ಕುಳಿತು ದಖ್ಖನ್ನಿನ ಪ್ರಾಚೀನ ಇತಿಹಾಸದ ಎರಡು ಸಂಪುಟಗಳನ್ನು ಸಂಪಾದಿಸಿದರು. 1960ರಲ್ಲಿ ಅದು ಹೊರಬಂದಾಗ ಬಾದಾಮಿ, ಕಲ್ಯಾಣ ಚಾಲುಕ್ಯರ ಭಾಗವನ್ನು ನೀಲಕಂಠ ಶಾಸ್ತ್ರಿಗಳೂ ರಾಷ್ಟ್ರಕೂಟರ ಭಾಗವನ್ನು ಅಳ್ತೇಕರರೂ ಬರೆದಿದ್ದರು. ಮತ್ತೆ ಅದೇ ನಡೆ: ಬಲ್ಲವರಿಂದ ಬರೆಸುವುದು. 1959ರಲ್ಲಿ ಪದ್ಮಭೂಷಣ ಬಂತು. 1962ರಲ್ಲಿ ತೀರಿಕೊಂಡರು. ಮಗಳು ಜುಬೈದಾ ಯಜ್ದಾನಿ ಹೈದರಾಬಾದಿನ ಇತಿಹಾಸ ಬರೆದ ವಿದುಷಿ.

ಅಷ್ಟರಲ್ಲಿ ನಮ್ಮ ಜಿಲ್ಲೆಯ ಗಡಿ ಬದಲಾಗಿತ್ತು. 1956ರ ನವೆಂಬರ್ 1ರಂದು ರಾಯಚೂರು, ಕಲಬುರಗಿ, ಬೀದರ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಬಂದವು. ಬಂಡೆ, ಗುಡಿ, ಕೋಟೆಗಳು ನಮ್ಮೊಂದಿಗೆ ಬಂದವು. ಮ್ಯೂಸಿಯಂ ಸೇರಿದ್ದು ಹೈದರಾಬಾದಿನಲ್ಲೇ ಉಳಿಯಿತು. ಹೈದರಾಬಾದ್ ಸಂಸ್ಥಾನದ ಕನ್ನಡ ಜಿಲ್ಲೆಗಳ ಶಾಸನಗಳನ್ನು ಪಿ. ಬಿ. ದೇಸಾಯಿ ಅವರು ಸಂಪಾದಿಸಿದ್ದ ಪುಸ್ತಕ ಅಚ್ಚಾದದ್ದು 1958ರಲ್ಲಿ, ಆ ಜಿಲ್ಲೆಗಳು ಹೈದರಾಬಾದನ್ನು ಬಿಟ್ಟ ಎರಡು ವರ್ಷಕ್ಕೆ. ಯಜ್ದಾನಿ ಶುರು ಮಾಡಿದ್ದ ಗ್ರಂಥಮಾಲೆಯಲ್ಲೇ ಅದು ಹದಿನೆಂಟನೆಯದಾಗಿ ಬಂತು. ರಾಜ್ಯ ಬೇರೆಯಾದ ಮೇಲೂ ಒಪ್ಪಿಕೊಂಡ ಕೆಲಸವನ್ನು ಅಲ್ಲಿನವರು ಕೈಬಿಡಲಿಲ್ಲ. ಇದಕ್ಕೆ ನಾವು ಋಣಿಗಳು.

ಈಗ ನಮ್ಮ ಪಾಲಿನ ಕೆಲಸದ ಮಾತು. ದೇವದುರ್ಗ ತಾಲೂಕಿನ ಗಬ್ಬೂರಿಗೆ ಹೋಗಿ ನೋಡಿ. ಮಲೆ ಶಂಕರ, ವೆಂಕಟೇಶ್ವರ, ಈಶ್ವರ, ಬಂಗಾರ ಬಸಪ್ಪ, ಹನುಮಂತ ಹೀಗೆ ಒಂದೇ ಊರಲ್ಲಿ ಎಷ್ಟು ಹಳೆಯ ಗುಡಿಗಳು, ಎಷ್ಟು ಶಾಸನಗಳು! ಒಂದು ಕಾಲಕ್ಕೆ ವಿದ್ಯೆಯ ಊರಾಗಿದ್ದ ಜಾಗ ಅದು. ಕಲ್ಲೂರಿನಲ್ಲಿ ಕರಿಕಲ್ಲಿನ ಮಾರ್ಕಂಡೇಶ್ವರ ಗುಡಿ ಇದೆ. ನಮ್ಮ ಸೀಮೆಯಲ್ಲಿ ಗುಡಿಯ ಜೀರ್ಣೋದ್ಧಾರವೆಂದರೆ ಶಾಸನದ ಕಲ್ಲಿಗೆ ಎಣ್ಣೆಬಣ್ಣ ಬಳಿಯುವುದು, ವೀರಗಲ್ಲನ್ನು ಕಟ್ಟೆಗೆ ಕಟ್ಟುವುದು, ಗ್ರಾನೈಟ್ ಹಾಸುವಾಗ ಅಕ್ಷರವಿರುವ ಚಪ್ಪಡಿಯನ್ನು ತಲೆಕೆಳಗು ಮಾಡುವುದು ಎಂಬಂತಾಗಿದೆ. ಭಕ್ತಿಯಿಂದಲೇ ಮಾಡುತ್ತಾರೆ, ಆದರೆ ಹೋದ ಅಕ್ಷರ ಮರಳಿ ಬರುವುದಿಲ್ಲ.

ಆದ್ದರಿಂದ ಈ ಸಂಚಿಕೆಯ ಮೂಲಕ ಎರಡು ಮನವಿ. ಊರಿನ ಹಿರಿಯರು, ಗುಡಿಯ ಪಂಚರು, ಗ್ರಾಮ ಪಂಚಾಯಿತಿಯ ಸದಸ್ಯರು ಹಳೆಯ ಗುಡಿಗೆ ಕೈ ಹಚ್ಚುವ ಮೊದಲು ರಾಜ್ಯ ಪುರಾತತ್ವ ಇಲಾಖೆಗೆ ಒಂದು ಅರ್ಜಿ ಬರೆಯಿರಿ, ಅಕ್ಷರವಿರುವ ಪ್ರತಿ ಕಲ್ಲಿನ ಚಿತ್ರವನ್ನು ಮೊಬೈಲಿನಲ್ಲಾದರೂ ತೆಗೆದಿಡಿ. ಎರಡನೆಯದು ಜಿಲ್ಲಾಡಳಿತಕ್ಕೆ ಮತ್ತು ನಮ್ಮ ಕಾಲೇಜುಗಳ ಇತಿಹಾಸ ವಿಭಾಗಗಳಿಗೆ: ಹೈದರಾಬಾದಿನ ಮ್ಯೂಸಿಯಂಗೆ ಪತ್ರ ಬರೆದು, ರಾಯಚೂರು ಜಿಲ್ಲೆಯಿಂದ ಹೋದ ವಸ್ತುಗಳ ಪಟ್ಟಿ ಮತ್ತು ಛಾಯಾಚಿತ್ರಗಳನ್ನು ತರಿಸಿ. ವಸ್ತುಗಳನ್ನೇ ಮರಳಿಸಿ ಎಂದು ಜಗಳ ಹೂಡುವ ಅಗತ್ಯವಿಲ್ಲ. ಆ ಪಟ್ಟಿ, ಯಜ್ದಾನಿ ಕಾಲದ ಗ್ರಂಥಮಾಲೆಯಲ್ಲಿ ನಮ್ಮ ಸೀಮೆಗೆ ಸಂಬಂಧಿಸಿದ ಸಂಪುಟಗಳು ಮತ್ತು ಅವುಗಳ ಕನ್ನಡ ಸಾರಾಂಶ ರಾಯಚೂರು, ದೇವದುರ್ಗ, ಮಾನ್ವಿಯ ಸಾರ್ವಜನಿಕ ಗ್ರಂಥಾಲಯಗಳ ಕಪಾಟಿನಲ್ಲಿ ಹುಡುಗರ ಕೈಗೆ ಸಿಗುವಂತೆ ಇರಲಿ.